ಏಳು ಸೆಕೆಂಡಿನ ಹುಸಿ ತಡ

ಸೇವೆಗಳ ನಡುವಿನ ಕರೆಗಳನ್ನು ನೋಡಿಕೊಳ್ಳುವ ಸರ್ವಿಸ್ ಮೆಶ್ ಆದ ಇಸ್ಟಿಯೊ ಕಲಿಯಲು ಕೂತವರು ದಾಟಿ ಬರುವ ಮೊದಲ ಪಾಠ ‘ಬುಕ್‌ಇನ್ಫೊ’. ಒಂದು ಪುಸ್ತಕದ ಪುಟ, ಅದರಲ್ಲಿ ಓದುಗರ ವಿಮರ್ಶೆ, ವಿಮರ್ಶೆಯ ಪಕ್ಕ ನಕ್ಷತ್ರಗಳು. ಒಂದೊಂದಕ್ಕೂ ಒಂದೊಂದು ಸೇವೆ. ‘ಜೇಸನ್’ ಎಂದು ಲಾಗಿನ್ ಆದವರಿಗೆ ಮಾತ್ರ, ವಿಮರ್ಶೆಯ ಸೇವೆ ನಕ್ಷತ್ರಗಳನ್ನು ಕೇಳುವ ಕರೆಯನ್ನು ಬೇಕೆಂದೇ 7 ಸೆಕೆಂಡು ತಡೆಯಲಾಗುತ್ತದೆ. ಆ ಕರೆಯ ಟೈಮ್‌ಔಟ್ 10 ಸೆಕೆಂಡು. ಪುಟ ನಿಧಾನವಾಗಿಯಾದರೂ ತೆರೆದುಕೊಳ್ಳಬೇಕಲ್ಲ? ವಿಮರ್ಶೆಯ ಜಾಗದಲ್ಲಿ ಕ್ಷಮೆ ಕೇಳುವ ಒಂದು ಸಾಲು ಬರುತ್ತದೆ, ಅಷ್ಟೇ. ಪುಟದ ಸೇವೆ 3 ಸೆಕೆಂಡು ಕಾದು, ಇನ್ನೊಮ್ಮೆ ಕೇಳಿ, 6 ಸೆಕೆಂಡಿಗೆ ಕೈಚೆಲ್ಲಿರುತ್ತದೆ.

ಬೇಕೆಂದೇ ದೋಷ ಹುಟ್ಟಿಸಿ ವ್ಯವಸ್ಥೆಯನ್ನು ಪರೀಕ್ಷಿಸುವ ಕೇಯಾಸ್ ಎಂಜಿನಿಯರಿಂಗ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2012ರಲ್ಲಿ ನೆಟ್‌ಫ್ಲಿಕ್ಸ್, ಸರ್ವರುಗಳನ್ನು ಬೇಕೆಂದೇ ಕೊಲ್ಲುವ ‘ಕೇಯಾಸ್ ಮಂಕಿ’ಯ ಕೋಡನ್ನು ಹೊರಬಿಟ್ಟಾಗ ಎಲ್ಲರ ಕಣ್ಣು ಸಾಯುವ ಸರ್ವರುಗಳ ಮೇಲಿತ್ತು. ಸತ್ತದ್ದು ಬೇಗ ತಿಳಿಯುತ್ತದೆ, ತಡವಾಗುತ್ತಿರುವುದು ತಿಳಿಯುವುದಿಲ್ಲ. ಇಸ್ಟಿಯೊದಂಥ ಸರ್ವಿಸ್ ಮೆಶ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸೇವೆಯ ಪಕ್ಕ ಎನ್ವಾಯ್ ಪ್ರಾಕ್ಸಿ ಕೂತಿರುವುದರಿಂದ, ಕೋಡ್ ಮುಟ್ಟದೆ ಕೆಲವೇ ಸಾಲಿನ ಯಾಮೆಲ್‌ನಲ್ಲಿ ಇಂಥ ತಡವನ್ನು ಹುಟ್ಟಿಸಬಹುದು, ಬೇಡವಾದಾಗ ಅಳಿಸಬಹುದು.

ನನ್ನ ತಕರಾರು ಇರುವುದೂ ಈ ಸಲೀಸಿನ ಮೇಲೆಯೇ. ಬುಕ್‌ಇನ್ಫೊ ಪಾಠ ಗೆಲ್ಲುವುದು ಅದರ ಟೈಮ್‌ಔಟ್‌ಗಳು ಕೋಡ್‌ನೊಳಗೆ ಇರುವುದರಿಂದ. ಅದೇ ಟೈಮ್‌ಔಟನ್ನು ಇಸ್ಟಿಯೊದ ಅದೇ ರೂಟ್‌ನಲ್ಲಿ ಬರೆದು, ಅಲ್ಲೇ ತಡವನ್ನೂ ಬರೆದರೆ, ಟೈಮ್‌ಔಟ್ ಕೆಲಸ ಮಾಡುವುದೇ ಇಲ್ಲ. ರೀಟ್ರೈ ಕೂಡ ಇಲ್ಲ. ಹುಸಿ ದೋಷವನ್ನು ಹುಟ್ಟಿಸುವ ಫಿಲ್ಟರ್, ರೀಟ್ರೈ ನೋಡಿಕೊಳ್ಳುವ ರೂಟರಿಗಿಂತ ಮೊದಲೇ ನಿಂತಿರುತ್ತದೆ. ಸಂಪರ್ಕವೇ ಸಿಗದೆ ನಿಜವಾದ 503 ಬರುವಂತಿದ್ದರೆ ಮೆಶ್ ತಾನಾಗಿ ಎರಡು ಸಲ ಮತ್ತೆ ಯತ್ನಿಸುತ್ತಿತ್ತು; ಹುಸಿ 503 ನೇರವಾಗಿ ಅಪ್ಲಿಕೇಶನ್ನಿನ ತಲೆಯ ಮೇಲೆ ಬೀಳುತ್ತದೆ. ಹೀಗೆ ಒರೆಗೆ ಹಚ್ಚಿದ್ದು ಅಪ್ಲಿಕೇಶನ್ನಿನ ತಾಳ್ಮೆಯನ್ನು, ಮೆಶ್‌ನ ಗಟ್ಟಿತನವನ್ನಲ್ಲ. ಮೆಶ್ಶನ್ನೇ ಪರೀಕ್ಷಿಸಬೇಕಿದ್ದರೆ ತಡ ಅದರ ಕೆಳಗಿನ ನೆಟ್‌ವರ್ಕ್‌ನಲ್ಲಿ ಹುಟ್ಟಬೇಕು. ಬೆಂಗಳೂರಿನ ಎಂಜಿನಿಯರುಗಳ ಶ್ರಮ ಸಾಕಷ್ಟಿರುವ ‘ಲಿಟ್ಮಸ್’ ಎಂಬ ಕೇಯಾಸ್ ಸಾಧನ ಪಾಡ್‌ನ ನೆಟ್‌ವರ್ಕನ್ನೇ ನಿಧಾನ ಮಾಡುತ್ತದೆ. ಅದರ ಸಿದ್ಧತೆ ಹೆಚ್ಚು, ಉತ್ತರ ಪ್ರಾಮಾಣಿಕ.

ಮೆಶ್‌ನೊಳಗೆ ನಡೆದದ್ದು ಕಣ್ಣಿಗೆ ಕಾಣುವ ವಿಷಯದಲ್ಲೂ ನನಗೆ ಅರ್ಧ ಮೆಚ್ಚುಗೆ, ಅರ್ಧ ಮುನಿಸು. ಬೇಕೆಂದೇ ಕೊಟ್ಟ ತಡಕ್ಕೆ ಎನ್ವಾಯ್ ತನ್ನ ಲಾಗ್‌ನಲ್ಲಿ ‘ಡಿಐ’ ಎಂದೂ, ಬೇಕೆಂದೇ ಕೊಟ್ಟ ದೋಷಕ್ಕೆ ‘ಎಫ್‌ಐ’ ಎಂದೂ ಗುರುತು ಹಾಕುತ್ತದೆ; ನಡುರಾತ್ರಿ ಎದ್ದು ಕೂತವರಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ಕರೆ ಸೇವೆಯಿಂದ ಸೇವೆಗೆ ಸಾಗಿದ ದಾರಿ ತೋರಿಸುವ ಟ್ರೇಸಿಂಗ್, ಮೆಶ್ ಹಾಕಿದೊಡನೆ ತಾನಾಗಿ ಬರುತ್ತದೆ ಎಂದು ನಂಬಿದವರು ಬಹಳ. ಬಂದ ಹೆಡರುಗಳನ್ನು ಅಪ್ಲಿಕೇಶನ್ನೇ ಮುಂದಿನ ಕರೆಗೆ ದಾಟಿಸದಿದ್ದರೆ ಟ್ರೇಸ್ ನಡುವೆಯೇ ತುಂಡಾಗುತ್ತದೆ. ಇದು ಗೊತ್ತಾಗುವುದು ಸಾಮಾನ್ಯವಾಗಿ ಮೊದಲ ಪ್ರಯೋಗದ ದಿನವೇ.

ಯಾರೂ ಮುಟ್ಟದೆ ಬಿಡುವ ಜಾಗ ಇಸ್ಟಿಯೊಡಿ, ಮೆಶ್‌ನ ತಲೆ. ಅದನ್ನು ಹತ್ತು ನಿಮಿಷ ನಿಲ್ಲಿಸಿದರೆ ಆಗಲೇ ಓಡುತ್ತಿರುವ ಸೇವೆಗಳಿಗೆ ಏನೂ ಆಗುವುದಿಲ್ಲ, ಪ್ರಾಕ್ಸಿಗಳು ಹಳೆಯ ಕಾನ್ಫಿಗರೇಶನ್ನಿನಲ್ಲೇ ಓಡುತ್ತವೆ, ಡ್ಯಾಶ್‌ಬೋರ್ಡ್ ಹಸಿರಾಗಿರುತ್ತದೆ, ವರದಿಯಲ್ಲಿ ‘ಪಾಸ್’ ಎಂದು ಬೀಳುತ್ತದೆ. ಆದರೆ ಇಸ್ಟಿಯೊಡಿಯೇ ಹೊಸದಾಗಿ ಕೊಡಬೇಕಾದ ಸೇವೆಗಳ ಸರ್ಟಿಫಿಕೇಟಿನ ಆಯುಷ್ಯ, ಬೇರೆ ಹೇಳದಿದ್ದರೆ, 24 ಗಂಟೆ. ಹಾಗಾಗಿ ಮುಂದಿನ ಸಲ ಹತ್ತು ನಿಮಿಷಕ್ಕೆ ತೃಪ್ತರಾಗಬೇಡಿ, ಒಂದೂವರೆ ದಿನ ನಿಲ್ಲಿಸಿ ನೋಡಿ. ದಯವಿಟ್ಟು ಟೆಸ್ಟ್ ಕ್ಲಸ್ಟರಿನಲ್ಲಿ.