ಅನ್ನಾಳ ಜೇಬಿನಲ್ಲಿ ಉಳಿದದ್ದು

ಎಡ್ಮಂಡ್ ಡಿ ವಾಲ್ ವೃತ್ತಿಯಿಂದ ಪಿಂಗಾಣಿ ಪಾತ್ರೆಗಳನ್ನು ಮಾಡುವವರು. 2010ರಲ್ಲಿ ಬಂದ ಅವರ ‘ದ ಹೇರ್ ವಿತ್ ಆಂಬರ್ ಐಸ್’ ಅಜ್ಜಿಯ ತವರಾದ ಎಫ್ರುಸ್ಸಿ ಎಂಬ ಯಹೂದಿ ಮನೆತನದ ಏಳುಬೀಳಿನ ಕಥನ. ಒಡೆಸ್ಸಾದ ಬಂದರಿನಲ್ಲಿ ಗೋಧಿ ವ್ಯಾಪಾರದಿಂದ ಬೆಳೆದ ಈ ಮನೆತನ ಮುಂದೆ ಪ್ಯಾರಿಸ್, ವಿಯೆನ್ನಾಗಳಲ್ಲಿ ಬ್ಯಾಂಕು ನಡೆಸಿತು. ಸಿರಿವಂತರು ಸಿರಿ ಕಳೆದುಕೊಂಡ ಕತೆಗೆ ನಾನೇಕೆ ಮರುಗಬೇಕು ಎಂಬ ಅನುಮಾನದಿಂದಲೇ ನಾನು ಪುಸ್ತಕ ತೆರೆದಿದ್ದೆ.

ಡಿ ವಾಲ್ ಹಿಡಿದಿರುವ ಎಳೆ 264 ನೆತ್ಸುಕೆಗಳದು. ದಂತದಲ್ಲೋ ಮರದಲ್ಲೋ ಕೆತ್ತಿದ, ಅಂಗೈಯಲ್ಲಿ ಅಡಗುವ ಜಪಾನಿ ಗೊಂಬೆಗಳಿವು. ಪ್ಯಾರಿಸ್ಸಿನ ಶಾರ್ಲ್ ಎಫ್ರುಸ್ಸಿ ಇವನ್ನು ಕೊಂಡವನು. ಮಾನೆ, ರೆನ್ವಾರರ ಚಿತ್ರಗಳನ್ನೂ ಕೊಂಡವನು. ಪ್ರೂಸ್ತ್‌ನ ಸ್ವಾನ್ ಪಾತ್ರಕ್ಕೆ ಅವನೂ ಒಂದು ಮಾದರಿ. ಆದರೆ ಡ್ರೈಫಸ್ ಪ್ರಕರಣ ಬಂದಾಗ ರೆನ್ವಾರ್, ದೆಗಾ ಇಬ್ಬರೂ ದೂರ ಸರಿದರು. ಚಿತ್ರ ಕೊಂಡವನಿಗೆ ಊರಿನವನಾಗುವ ಹಕ್ಕು ದಕ್ಕಲಿಲ್ಲ.

ಪ್ಯಾರಿಸ್ಸಿನ ಭಾಗದಲ್ಲಿ ಲೇಖಕರು ವಸ್ತುಗಳ ಮೋಹಕ್ಕೆ ತುಸು ಹೆಚ್ಚೇ ಒಲಿದಿದ್ದಾರೆ ಎಂಬುದು ನನ್ನ ತಕರಾರು. ವಿಯೆನ್ನಾಕ್ಕೆ ಬರುತ್ತಲೇ ಬರವಣಿಗೆ ಬಿಗಿಯಾಗುತ್ತದೆ. ನೆತ್ಸುಕೆಗಳು ಮದುವೆಯ ಉಡುಗೊರೆಯಾಗಿ ವಿಕ್ಟರ್ ಮತ್ತು ಎಮಿಯ ಅರಮನೆ ಸೇರುತ್ತವೆ. ಆ ಅರಮನೆಯ ನೃತ್ಯಶಾಲೆಯ ಮೇಲ್ಛಾವಣಿಯಲ್ಲಿ ಎಸ್ತರ್ ರಾಣಿಯ ಚಿತ್ರಗಳಿವೆ. ಪರದೇಶದ ಅರಸನ ಮನೆಯಲ್ಲಿದ್ದು ತನ್ನ ಯಹೂದಿ ಜನರನ್ನು ಉಳಿಸಿಕೊಂಡವಳ ಕತೆ ಅದು. ಅತಿಥಿಗಳು ತಲೆ ಎತ್ತಿದರೆ ಮಾತ್ರ ಕಾಣುವ ಆ ಗುರುತನ್ನು ಡಿ ವಾಲ್ ಎರಡೇ ಮಾತಿನಲ್ಲಿ ತೋರಿಸಿ ಮುಂದೆ ಹೋಗುತ್ತಾರೆ. ಇಡೀ ಮನೆತನದ ಆಸೆ, ಅಳುಕು ಎರಡೂ ಅಲ್ಲಿವೆ.

ಮೊದಲ ಮಹಾಯುದ್ಧದಲ್ಲಿ ವಿಕ್ಟರ್ ದೇಶನಿಷ್ಠೆಯಿಂದ ಹಣವನ್ನು ಆಸ್ಟ್ರಿಯಾದಲ್ಲೇ ಇಟ್ಟು ಬಹುಪಾಲು ಕಳೆದುಕೊಂಡ. 1938ರ ಮಾರ್ಚ್‌ನಲ್ಲಿ ನಾಜಿಗಳು ಬಂದಾಗ ಉಳಿದದ್ದೂ ಹೋಯಿತು: ಬೆದರಿಕೆಗೆ ಮಣಿದು ಹಾಕಿದ ರುಜುವಿನೊಂದಿಗೆ ಬ್ಯಾಂಕು, ಅರಮನೆ, ಪುಸ್ತಕಗಳು ಕೈಬಿಟ್ಟವು. ಎಮಿ ಅದೇ ವರ್ಷ ತೀರಿಕೊಂಡಳು. ವಿಕ್ಟರ್ ಇಂಗ್ಲೆಂಡಿನಲ್ಲಿ ನಿರಾಶ್ರಿತನಾಗಿ 1945ರಲ್ಲಿ ಸತ್ತ. ನನ್ನ ಅನುಮಾನ ಇಲ್ಲಿ ಕರಗಿತು. ಇವರಿಂದ ಕಸಿದದ್ದು ಹಣವನ್ನಷ್ಟೇ ಅಲ್ಲ. ತಾವು ಈ ಊರಿನವರು ಎಂದು ಮೂರು ತಲೆಮಾರು ಕಟ್ಟಿಕೊಂಡಿದ್ದ ನಂಬಿಕೆಯನ್ನು.

ನೆತ್ಸುಕೆಗಳು ಮಾತ್ರ ಉಳಿದವು. ಮನೆಗೆಲಸದ ಅನ್ನಾ ಸಲಕ್ಕೆ ಮೂರು ನಾಲ್ಕರಂತೆ ಅವನ್ನು ಏಪ್ರನ್ನಿನ ಜೇಬಿನಲ್ಲಿ ಒಯ್ದು ತನ್ನ ಹಾಸಿಗೆಯೊಳಗೆ ಬಚ್ಚಿಟ್ಟಳು. ಯುದ್ಧ ಮುಗಿದ ಮೇಲೆ ಲೇಖಕರ ಅಜ್ಜಿ ಎಲಿಸಬೆತ್ ಬಂದಾಗ ಎಲ್ಲವನ್ನೂ ಒಪ್ಪಿಸಿದಳು.

ಮೊದಲ ಓದಿನಲ್ಲಿ ಇದು ನನಗೆ ಸಾಹಸದ ಕತೆಯಾಗಿ ಕಂಡಿತ್ತು. ಎರಡನೆಯ ಸಲ ಬೇರೊಂದು ಸಾಲು ತಡೆದು ನಿಲ್ಲಿಸಿತು: ಅನ್ನಾಳ ಪೂರ್ತಿ ಹೆಸರು ತನಗೆ ಗೊತ್ತಿಲ್ಲ, ಕೇಳಬಹುದಾಗಿದ್ದಾಗ ಕೇಳಲಿಲ್ಲ ಎಂದು ಲೇಖಕರು ಒಪ್ಪಿಕೊಳ್ಳುತ್ತಾರೆ. ಪ್ರತಿ ಚಿತ್ರದ, ಪ್ರತಿ ಕುರ್ಚಿಯ ಜಾಡು ಹಿಡಿದ ಪುಸ್ತಕದಲ್ಲಿ ಎಲ್ಲವನ್ನೂ ಉಳಿಸಿದವಳಿಗೆ ಅರ್ಧ ಹೆಸರು! ಆ ಕೊರತೆಯನ್ನು ಕಲ್ಪನೆಯಿಂದ ತುಂಬದೆ ಹಾಗೆಯೇ ಬಿಟ್ಟದ್ದು ಡಿ ವಾಲ್ ಅವರ ಪ್ರಾಮಾಣಿಕತೆ. ಆದರೆ ಮನೆತನದ ಚರಿತ್ರೆ ಎಂಬ ಪ್ರಕಾರದ ಮಿತಿಯೂ ಅದೇ. ಕಳೆದುಕೊಂಡವರಿಗೆ ದಾಖಲೆಗಳಿರುತ್ತವೆ, ಕಾಪಾಡಿದವರಿಗೆ ಹಲವು ಸಲ ಅದೂ ಇರುವುದಿಲ್ಲ.