ಬಾಯ್ಡರ ಗ್ರಂಥವೂ ಅದನ್ನು ಓದುವ ಕ್ರಮವೂ

ಅರೇಖೀಯ ದ್ಯುತಿಶಾಸ್ತ್ರವನ್ನು ಕಲಿಯಹೊರಟವರ ಮೇಜಿನ ಮೇಲೆ ಇಂದು ರಾಬರ್ಟ್ ಬಾಯ್ಡರ ‘ನಾನ್‌ಲೀನಿಯರ್ ಆಪ್ಟಿಕ್ಸ್’ ಇಲ್ಲದಿರುವುದು ಅಪರೂಪ. 1992ರಲ್ಲಿ ಮೊದಲು ಅಚ್ಚಾಗಿ, 2020ರ ಹೊತ್ತಿಗೆ ನಾಲ್ಕನೆಯ ಪರಿಷ್ಕರಣವನ್ನು ಕಂಡ ಈ ಗ್ರಂಥದ ಪಾಂಡಿತ್ಯವನ್ನಾಗಲಿ, ಸಮೀಕರಣದಿಂದ ಸಮೀಕರಣಕ್ಕೆ ಸಾಗುವಾಗ ನಡುವಣ ಮೆಟ್ಟಿಲನ್ನು ಹಾರದ ಅದರ ಸೌಜನ್ಯವನ್ನಾಗಲಿ ಅಲ್ಲಗಳೆಯುವವರು ಇರಲಾರರು. ಆದರೆ ಬಲ್ಲವರಿಗೆ ಆಕರವಾಗುವ ಗ್ರಂಥವೇ ಅರಿಯದವರಿಗೆ ಪ್ರವೇಶದ್ವಾರವೂ ಆಗಬಲ್ಲುದೆಂಬ ನಂಬಿಕೆಯನ್ನು ನಾನು ಒಪ್ಪಲಾರೆ.

ಮೊದಲನೆಯ ಅಧ್ಯಾಯದ ಆರಂಭ ನಿಜಕ್ಕೂ ಸೊಗಸಾದುದು. ಪರಮಾಣುವಿನೊಳಗಣ ಇಲೆಕ್ಟ್ರಾನನ್ನು ಸ್ಪ್ರಿಂಗಿಗೆ ಕಟ್ಟಿದ ಕಣವೆಂದು ಭಾವಿಸಿ, ಮಂದವಾದ ಬೆಳಕಿನಲ್ಲಿ ಅದು ವಿದ್ಯುತ್ ಕ್ಷೇತ್ರಕ್ಕೆ ಅನುಪಾತವಾಗಿ ತೂಗಾಡುವುದನ್ನೂ, ಲೇಸರಿನ ಪ್ರಖರ ಕ್ಷೇತ್ರದಲ್ಲಿ ಆ ಅನುಪಾತ ತಪ್ಪಿ ಕ್ಷೇತ್ರದ ವರ್ಗಕ್ಕೂ ಘನಕ್ಕೂ ಸಂಬಂಧಿಸಿದ ಪದಗಳು ತಲೆಯೆತ್ತುವುದನ್ನೂ ಅವರು ತೋರಿಸುತ್ತಾರೆ. ಎಡಬಲಗಳೆರಡರಲ್ಲಿಯೂ ಒಂದೇ ತೆರನಾದ ವಿಭವದ ಬಾವಿಯಲ್ಲಿ ಅಲೆಯ ಏರೂ ಇಳಿವೂ ಸಮನಾಗಿ ವಿಕಾರಗೊಳ್ಳುತ್ತವೆ. ಬಾವಿಯ ಒಂದು ಮಗ್ಗುಲು ಕಡಿದಾದರೆ ಏರು ಒಂದು ಬಗೆ, ಇಳಿವು ಇನ್ನೊಂದು ಬಗೆ. ಸಮರೂಪತೆಯ ಕೇಂದ್ರವುಳ್ಳ ಹರಳಿನಲ್ಲಿ ಇಮ್ಮಡಿ ಕಂಪನಾಂಕದ ಬೆಳಕು ಏಕೆ ಹುಟ್ಟದೆಂಬುದನ್ನು ಅಲ್ಲಿಯ ಗೆರೆಚಿತ್ರಗಳಷ್ಟು ನೇರವಾಗಿ ಹೇಳಿದ ಪುಟವನ್ನು ನಾನು ಬೇರೆಡೆ ಕಂಡಿಲ್ಲ.

ಇಷ್ಟಾದ ಮೇಲೆ ಅಲೆಯ ಬೆನ್ನುಹತ್ತಬೇಕಾಗಿದ್ದ ಗ್ರಂಥವು ಕೋಷ್ಟಕಗಳ ಕಾಡನ್ನು ಹೊಗುತ್ತದೆ. ಮೂರು ಅಲೆಗಳ ಪರಸ್ಪರ ಕ್ರಿಯೆಯನ್ನು ವರ್ಣಿಸಲು ತತ್ತ್ವತಃ 324 ಸಂಖ್ಯೆಗಳು ಬೇಕೆಂದು ಮೊದಲು ಬೆದರಿಸಿ, ಬಳಿಕ ಒಂದೊಂದೇ ಸಮರೂಪತೆಯನ್ನು ಮುಂದಿಟ್ಟು, ಅನುಕೂಲ ಸನ್ನಿವೇಶದಲ್ಲಿ ಅವನ್ನು 10ಕ್ಕೆ ಇಳಿಸುವ ಕೌಶಲ ಮೆಚ್ಚತಕ್ಕುದೇ ಸರಿ. ಆದರೆ 1064 ನ್ಯಾನೊಮೀಟರಿನ ಕಾಣದ ಬೆಳಕು 532ರ ಹಸುರಾಗುವುದನ್ನೇ ಇನ್ನೂ ಲೆಕ್ಕಹಾಕಿ ನೋಡದ ವಿದ್ಯಾರ್ಥಿ, ಗುಣಕ ಒಂದೋ ಎರಡೋ ಎಂಬ ಸಂದಿಗ್ಧದಲ್ಲಿ ವಾರಗಟ್ಟಲೆ ತೊಳಲುತ್ತಾನೆ. (ಹಳೆಯ ಮುದ್ರಣಗಳು ಗಾಸಿಯನ್ ಮಾನದಲ್ಲಿಯೂ ಹೊಸವು ಎಸ್‌ಐ ಮಾನದಲ್ಲಿಯೂ ಇರುವುದರಿಂದ, ಗೆಳೆಯನ ಪ್ರತಿಯೊಡನೆ ತಾಳೆನೋಡುವುದೂ ಅಪಾಯವೇ.)

ಶಾಸ್ತ್ರದ ತಿರುಳಾದರೋ ಎರಡನೆಯ ಅಧ್ಯಾಯದ ಪ್ರಾವಸ್ಥಾ ಹೊಂದಾಣಿಕೆಯಲ್ಲಿದೆ. 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕನ್ ಮತ್ತು ಸಂಗಡಿಗರು ಮಾಣಿಕ್ಯ ಲೇಸರಿನ 694.3 ನ್ಯಾನೊಮೀಟರಿನ ಕೆಂಬೆಳಕನ್ನು ಕ್ವಾರ್ಟ್ಸ್ ಹರಳಿನಲ್ಲಿ ಹಾಯಿಸಿ 347.2ರ ನೇರಳಾತೀತವನ್ನು ಪಡೆದರಷ್ಟೆ. ದೊರೆತುದು ಸುಮಾರು ಹತ್ತು ಕೋಟಿ ಫೋಟಾನುಗಳಿಗೆ ಒಂದರಂತೆ. ಈ ಜಿಪುಣತನಕ್ಕೆ ಒಂದು ಮುಖ್ಯ ಕಾರಣವಿದೆ. ಎರಡು ಬೆಳಕುಗಳಿಗೂ ಕ್ವಾರ್ಟ್ಸಿನ ವಕ್ರೀಭವನಾಂಕ ಬೇರೆಬೇರೆಯಾದುದರಿಂದ, ಸುಮಾರು 7 ಮೈಕ್ರೊಮೀಟರ್ ಸಾಗುವಷ್ಟರಲ್ಲಿ ಹೊಸದಾಗಿ ಹುಟ್ಟುವ ಅಲೆ ಹಿಂದೆ ಹುಟ್ಟಿದುದಕ್ಕೆ ಇದಿರಾಗತೊಡಗಿ, ಮುಂದಿನ 7ರಲ್ಲಿ ಗಳಿಸಿದುದೆಲ್ಲವೂ ಕರಗಿಹೋಗುತ್ತದೆ. ಮರುವರ್ಷವೇ ಜೋರ್ಡ್‌ಮೇನರೂ, ಮೇಕರ್ ಮತ್ತು ಸಂಗಡಿಗರೂ ಬೇರೆಬೇರೆಯಾಗಿ, ಪೊಟ್ಯಾಸಿಯಂ ಡೈಹೈಡ್ರೊಜನ್ ಫಾಸ್ಫೇಟ್ ಹರಳಿನ ದ್ವಿವಕ್ರೀಭವನವನ್ನು ಬಳಸಿ, ಎರಡು ಬೆಳಕುಗಳೂ ಸಮವೇಗದಿಂದ ಸಾಗುವ ದಿಕ್ಕನ್ನು ಕಂಡುಹಿಡಿದರು; ಪ್ರಾವಸ್ಥಾ ಹೊಂದಾಣಿಕೆಯೆಂದರೆ ಇದೇ. ಹರಳನ್ನು ಯಾವ ಕೋನದಲ್ಲಿ ಕೊಯ್ಯಬೇಕೆಂಬ ಪ್ರಯೋಗಶಾಲೆಯ ನಿತ್ಯದ ಪ್ರಶ್ನೆ ಇಲ್ಲಿಂದಲೇ ಹೊರಟಿತು.

ಆದುದರಿಂದ ಹೊಸಬರಲ್ಲಿ ನನ್ನ ಬಿನ್ನಹವಿಷ್ಟು: ಮೊದಲ ಅಧ್ಯಾಯದಲ್ಲಿ ಸ್ಪ್ರಿಂಗಿನ ಇಲೆಕ್ಟ್ರಾನು ಮುಗಿದೊಡನೆ ಪುಸ್ತಕವನ್ನು ಎರಡನೆಯದಕ್ಕೆ ತಿರುವಿ, ಕ್ವಾರ್ಟ್ಸಿನ ಆ 7 ಮೈಕ್ರೊಮೀಟರನ್ನು ಸ್ವಂತ ಕೈಯಿಂದ ಲೆಕ್ಕಹಾಕಿ, ಅನಂತರವೇ ಕೋಷ್ಟಕಗಳಿಗೆ ಮರಳಿರಿ. ಮೂರನೆಯ ಅಧ್ಯಾಯದ ಕ್ವಾಂಟಂ ವಿವೇಚನೆ ಆರು ತಿಂಗಳು ಕಾದರೂ ಕೆಡುವುದಿಲ್ಲ.