ಮೆಟ್ಟಿಲೇ ಇಲ್ಲದ ಕಾಫಿ ಹೌಸ್

ತಿರುವನಂತಪುರದ ತಂಪಾನೂರು ಬಸ್ ಸ್ಟ್ಯಾಂಡ್ ಹತ್ತಿರ ಇಟ್ಟಿಗೆಗೆಂಪಿನ ಒಂದು ಸುರುಳಿ ಕಟ್ಟಡ ಇದೆ. ಇಂಡಿಯನ್ ಕಾಫಿ ಹೌಸ್. ವಿನ್ಯಾಸ ಲಾರಿ ಬೇಕರ್ ಅವರದ್ದು. ಫೋಟೊ ನೋಡಿದವರು ಇದನ್ನ ಶೋಕಿಗೆ ಕಟ್ಟಿದ್ದು ಅಂದ್ಕೋತಾರೆ. ನನಗೇನೋ ಇಷ್ಟು ಲೆಕ್ಕ ಹಾಕಿ ಕಟ್ಟಿದ ಹೋಟೆಲ್ಲು ಅಪರೂಪ ಅನ್ಸುತ್ತೆ. ಹಾಗಂತ ತಕರಾರೇ ಇಲ್ಲ ಅಂತಲ್ಲ.

ಮೊದಲು ಲೆಕ್ಕ ನೋಡೋಣ. ಜಾಗ ಚಿಕ್ಕದು. ಮಾಮೂಲಿಯಾಗಿ ಮಹಡಿ ಮೇಲೆ ಮಹಡಿ ಎಬ್ಬಿಸಿದ್ದರೆ ಮೆಟ್ಟಿಲು, ಪ್ಯಾಸೇಜುಗಳೇ ಅರ್ಧ ಜಾಗ ನುಂಗ್ತಿದ್ದವು. ಬೇಕರ್ ಮಹಡಿಗಳನ್ನೇ ಬಿಟ್ಟುಬಿಟ್ಟರು. ಇಲ್ಲಿರೋದು ಒಂದೇ ನೆಲ. ಅದು ನಡುವಿನ ಕೊಳವೆಯಂಥ ಗೋಡೆಯನ್ನು ಸುತ್ತುತ್ತಾ ನಿಧಾನವಾಗಿ ಮೇಲೇರುತ್ತೆ. ಹೊರಗೋಡೆಗೆ ಅಂಟಿಕೊಂಡಂತೆ ಕಟ್ಟಿದ ಬೆಂಚು, ಮೇಜು, ಒಳಬದಿಯಲ್ಲಿ ಓಡಾಟ. ಗೋಡೆ ತುಂಬಾ ಜಾಲಂದ್ರದಂಥ ಕಿಂಡಿಗಳು, ಅದರಿಂದ ಬೆಳಕೂ ಬರುತ್ತೆ, ಗಾಳಿಯೂ ಆಡುತ್ತೆ. ಹತ್ತೋ ದಾರಿಯೇ ಊಟದ ಹಾಲ್. ನಮ್ಮ ಆಫೀಸಲ್ಲಿ ಒಂದೇ ಫಂಕ್ಷನ್‌ಗೆ ಎರಡು ಕೆಲಸ ಹಚ್ಚಿದರೆ ಕೋಡ್ ರಿವ್ಯೂನಲ್ಲಿ ಬೈಸ್ಕೋಬೇಕು. ಇಲ್ಲಿ ಅದೇ ಗೆದ್ದಿದೆ.

ಹಳ್ಳಿಮನೆಯ ಜಗಲಿಯಲ್ಲಿ ಕೂತವರಿಗೆ ಆ ಬೆಂಚು ಹೊಸದಲ್ಲ. ಕಟ್ಟೆ ಎಲ್ಲರಿಗೂ ಒಂದೇ. ಸಾಹುಕಾರರಿಗೆ ಬೇರೆ ಕುರ್ಚಿ ಎಳೆಯೋಕಾಗಲ್ಲ. ಬಸ್ಸಿಗೆ ಕಾಯೋ ಬ್ಯಾಗಿನವನೂ ಲಾಯರೂ ಕೂರೋದು ಒಂದೇ ಥರದ ಬೆಂಚಿನ ಮೇಲೆ.

ಈಗ ತಕರಾರು. ಆರು ಜನ ಒಟ್ಟಿಗೆ ಹೋದರೆ ಹಂಚಿಹೋಗಬೇಕು, ಮೇಜು ಜೋಡಿಸೋ ಹಾಗಿಲ್ಲ. ಮೆಟ್ಟಿಲಿಲ್ಲ ಅಂತ ಗಾಲಿಕುರ್ಚಿಯವರಿಗೆ ಅನುಕೂಲ ಅಂದ್ಕೊಂಡರೆ ಅದೂ ಸುಳ್ಳು. ದಾರಿಯುದ್ದಕ್ಕೂ ಇಳಿಜಾರು, ಕುರ್ಚಿ ನಿಲ್ಲಿಸೋಕೆ ಸಮತಟ್ಟಾದ ಜಾಗ ಎಲ್ಲಿದೆ? ಎಲ್ಲಕ್ಕಿಂತ ದೊಡ್ಡದು ಸಪ್ಲೈಯರ್‌ಗಳ ಕಷ್ಟ. ನಾವು ಒಂದು ಸಲ ಹತ್ತಿ ಕೂತುಬಿಡ್ತೀವಿ. ಅವರು ತಟ್ಟೆ, ಲೋಟ ಹಿಡಿದು ದಿನವಿಡೀ ಆ ಇಳಿಜಾರು ಹತ್ತಿ ಇಳೀಬೇಕು.

ಇದನ್ನ ಸುಮ್ಮನೆ ಹೇಳ್ತಿಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ಉಳಿಸಿಕೊಂಡರು. 1957ರಲ್ಲಿ ಅಂಥ ಮೊದಲ ಸಂಘ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ. ಅಂದರೆ ಇದು ಕೆಲಸಗಾರರದ್ದೇ ಹೋಟೆಲ್ಲು. ಅಂಥಲ್ಲಿ ಗಿರಾಕಿಗಳ ನಡುವಿನ ಮೇಲು-ಕೀಳು ಅಳಿಸಿದ ವಿನ್ಯಾಸ, ಕೆಲಸಗಾರರ ಕಾಲುನೋವನ್ನ ಲೆಕ್ಕದಿಂದ ಬಿಟ್ಟಿದೆ.

ಆದರೂ ಇದನ್ನ ನಕಲು ಮಾಡೋರ ಜೊತೆ ಬೇಕರ್ ಅವರನ್ನ ಸೇರಿಸಬಾರದು. ಈಗ ಬೆಂಗಳೂರಿನ ಎಷ್ಟೋ ಕೆಫೆಗಳಲ್ಲಿ ಕಾಂಕ್ರೀಟ್ ಗೋಡೆಗೆ ಇಟ್ಟಿಗೆ ಥರದ ಟೈಲ್ಸ್ ಅಂಟಿಸ್ತಾರೆ. ಬೇಕರ್ ತಮ್ಮ ಮನೆಗಳಿಗೆ ಗಾರೆ ಮೆತ್ತದೇ ಬಿಟ್ಟಿದ್ದು ಖರ್ಚು ಉಳಿಸೋಕೆ. ಇಟ್ಟಿಗೆಯನ್ನ ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟೋ ಅವರ ‘ರ‍್ಯಾಟ್ ಟ್ರ್ಯಾಪ್’ ಗೋಡೆಯಲ್ಲಿ ಸುಮಾರು ಶೇ. 25ರಷ್ಟು ಇಟ್ಟಿಗೆ ಉಳಿಯುತ್ತೆ, ಒಳಗೆ ಬಿಸಿಲಿನ ಕಾವೂ ಕಮ್ಮಿ. ಟೈಲ್ಸ್ ಅಂಟಿಸಿದರೆ ಖರ್ಚು ಜಾಸ್ತಿ, ಕೆಲಸ ಸೊನ್ನೆ.

ತಿರುವನಂತಪುರಕ್ಕೆ ಹೋದರೆ ಈ ಕಾಫಿ ಹೌಸ್ ತಪ್ಪಿಸಬೇಡಿ. ಆರಾಮಾಗಿ ಕೂತ್ಕೊಳ್ಳಿ. ಆರ್ಡರ್ ಮಾತ್ರ ಒಂದೇ ಸಲಕ್ಕೆ ಪೂರ್ತಿ ಹೇಳಿಬಿಡಿ.